ಖಾಲಿ ತಲೆಯ ಸುಂಕ

ಹುಟ್ಟಿದ ಮಗುವಿನ ತಲೆ ಖಾಲಿ ಇರುತ್ತದೆ, ಅದು ಯಾರ ಹಾಡನ್ನು ಬೇಕಾದರೂ ತುಂಬಿಕೊಳ್ಳಬಹುದು ಎಂದು ಸರ್ಕಾರ ಸುಂಕ ಹಾಕಿದೆ. ಸುಂಕ ಕಟ್ಟುವವರೆಗೆ ಮಗುವಿನ ಮುಂದೆ ಹಾಡುವಂತಿಲ್ಲ. ಹಾಡಿಲ್ಲದೆ ನಮ್ಮ ಇಂಚರ ನಿನ್ನೆಯಿಂದ ಮಲಗಿಲ್ಲ, ಅಳು ನಿಲ್ಲಿಸಿಲ್ಲ. ಅಂತೂ ಸುಂಕದ ಗುರುಬಸಪ್ಪನವರು ದಯಮಾಡಿಸಿದರು. ನಾನು ಒಲೆಯ ಮೇಲಿನ ಮುದ್ದೆ ಇಳಿಸಿ ಬಂದೆ.

"ಸಾರ್, ನಾನು ಹಾಡೋದು ನಾನೇ ಕಟ್ಟಿದ ಜೋಗುಳ. ಬೇರೆಯವರದ್ದು ಒಂದಕ್ಷರ ಇಲ್ಲ."

"ಇರ್ಲಿ ಬಿಡಮ್ಮ. ನಾಳೆ ಮಗು ಬೇರೆಯವರದ್ದು ಕೇಳಿಸ್ಕೊಳ್ಳಲ್ಲ ಅಂತ ಏನು ಗ್ಯಾರಂಟಿ? ಈ ದುಡ್ಡು ಹಾಡು ಕಟ್ಟಿದವರಿಗೇ ಹೋಗುತ್ತೆ."

"ಹಾಗಾದ್ರೆ ನನಗೂ ಒಂದು ಪಾಲು ಬರುತ್ತಲ್ಲ?"

"ಸಂಘದಲ್ಲಿ ಹೆಸರು ಬರೆಸಿದ ಕವಿ ಏನಮ್ಮ ನೀನು? ಬರೀ ತಾಯಿ."

ನ್ಯಾಯವಾದ ಮಾತು. ಕೈ ಒರೆಸಿಕೊಂಡು ಸುಂಕ ಕಟ್ಟಿದೆ. ಅವರು ಮಗುವಿನ ಹಣೆಗೆ ಸುಂಕ ಸಂದಾಯವಾದ ನೀಲಿ ಮುದ್ರೆ ಒತ್ತಿದರು. ನಾನು ತೊಟ್ಟಿಲು ತೂಗುತ್ತ ಹಾಡಿದೆ. ಇಂಚರ ಬಿಕ್ಕುತ್ತ ಬಿಕ್ಕುತ್ತ ಕಣ್ಣು ಮುಚ್ಚಿದಳು.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಗುರುಬಸಪ್ಪನವರು ನನ್ನ ಜೋಗುಳವನ್ನೇ ಗುನುಗತೊಡಗಿದರು.

"ಸಾರ್," ಎಂದೆ, ಮಗು ಏಳದ ಹಾಗೆ ಮೆಲ್ಲಗೆ. "ನಿಮ್ಮ ಹಣೆ ಸ್ವಲ್ಪ ತೋರ್ಸಿ. ಮುದ್ರೆ ಇದ್ಯಾ?"