ಬುಧವಾರದ ಅಳತೆ

“ಟೇಬಲ್ ಎಷ್ಟುದ್ದ ಸರ್?” ಎಂದು ರುಮಾನಾ ಕೇಳಿದಾಗ ನಿರಂಜನ ಯೋಚಿಸದೆಯೇ “ಮೂವತ್ತು ಇಂಚು” ಅಂದ. ಆರ್.ಟಿ. ನಗರದ ಆ ಪರದೆ, ಬೆಡ್‌ಶೀಟ್ ಅಂಗಡಿಯ ಒಡತಿ ಆಕೆ. ಕೈಯಲ್ಲಿದ್ದ ಟೇಪನ್ನು ಕತ್ತಿಗೆ ಹಾಕಿಕೊಂಡು ನಕ್ಕಳು. “ಊಟದ ಟೇಬಲ್ ತಾನೇ? ಟೀಪಾಯಿ ಅಲ್ವಲ್ಲ?”

“ಊಟದ್ದೇ ಮೇಡಂ. ಚಿಕ್ಕದು.”

“ಟೇಬಲ್ ಮಧ್ಯೆ ಉದ್ದಕ್ಕೆ ಹಾಸೋ ರನ್ನರ್ ಅಂದ್ರೆ ಎರಡೂ ತುದೀಲಿ ಆರಾರು ಇಂಚು ಇಳಿಬಿದ್ದಿರ್ಬೇಕು. ನಿಮಗೆ ನಲವತ್ತೆರಡು ಸಾಕು. ರೆಡಿ ಇರೋದ್ರಲ್ಲಿ ಚಿಕ್ಕದು ಅಂದ್ರೆ ನಲವತ್ತೆಂಟು, ಒಂದ್ಚೂರು ಹೊಲಿಗೆ ಹಾಕಿ ಕೊಡ್ತೀನಿ.”

ಬಟ್ಟೆಯ ರಾಶಿಯೊಳಗೆ ಕೈಯಾಡಿಸುತ್ತಿದ್ದ ಚೈತ್ರ ತಲೆಯೆತ್ತಿದಳು. “ಅಪ್ಪ, ಏನ್ ಮೂವತ್ತು? ಟೇಬಲ್ಲೇ ನಲವತ್ತೆಂಟು ಇರತ್ತೆ. ಹೋದ್ಸಲ ಎರಡು ಚಾರ್ಟ್ ಅಂಟಿಸಿ ಹರಡಿದ್ವಲ್ಲ, ಆದ್ರೂ ಜಾಗ ಉಳಿದಿತ್ತು.”

ನಿರಂಜನನಿಗೆ ಆಗ ಹೊಳೆಯಿತು. ಸಂಜಯನಗರದ ಅವನ ಒಂದೂವರೆ ಕೋಣೆಯ ಮನೆಯಲ್ಲಿರುವುದು ಮಡಚುವ ಮೇಜು. ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಗಳು ಬರುವ ಮುಂಚೆ ಅದರ ಒಂದು ಬದಿಯ ಹಲಗೆಯನ್ನು ಎತ್ತಿ ನಿಲ್ಲಿಸುತ್ತಾನೆ. ಸಂಜೆ ಆರಕ್ಕೆ ಅವಳಮ್ಮ ತುಂಗಾ ಬಂದು ಅವಳನ್ನು ಯಲಹಂಕಕ್ಕೆ ಕರೆದುಕೊಂಡು ಹೋದ ಮೇಲೆ ಇಳಿಸಿಬಿಡುತ್ತಾನೆ. ಅಳತೆ ತೆಗೆದದ್ದು ಬುಧವಾರ. ಬುಧವಾರ ಆ ಮೇಜು ಮೂವತ್ತು ಇಂಚೇ ಇರುತ್ತದೆ.

“ನಾನು ಕೂರೋ ಕಡೇದು ಅಳತೇನೇ ತಗೊಂಡಿಲ್ವಾ?” ಚೈತ್ರ ಮೆಲ್ಲಗೆ ಕೇಳಿದಳು.

“ಹಂಗಲ್ಲ ಕಣೇ. ನೀನಿಲ್ದಾಗ ಮಡಚಿರ್ತೀನಿ. ಆಗ ತೆಗ್ದಿದ್ದು.”

ಅವಳು ಮತ್ತೆ ರಾಶಿಯತ್ತ ತಿರುಗಿದಳು. ಹದಿಮೂರು ವರ್ಷದ ಹುಡುಗಿಯ ಬೆನ್ನು ನೋಡುತ್ತ ನಿರಂಜನ ನಿಂತ. ಬರುವ ಜೂನ್‌ನಿಂದ ಅವಳಿಗೆ ಭಾನುವಾರ ಟ್ಯೂಷನ್ ಇದೆ. ಇನ್ನು ಮುಂದೆ ನಿಮ್ಮಲ್ಲಿಗೆ ಬರುವುದೂ ಬಿಡುವುದೂ ಅವಳ ಇಷ್ಟ, ನೀವು ಒತ್ತಾಯ ಮಾಡಬೇಡಿ ಎಂದು ತುಂಗಾ ಫೋನಿನಲ್ಲಿ ಹೇಳಿದ್ದಳು. ಬೆಳಿಗ್ಗೆ ಇಡ್ಲಿ ತಿನ್ನುವಾಗ, ಇನ್ನು ಬರುತ್ತೀಯಾ ಎಂದು ಕೇಳಬೇಕೆಂದುಕೊಂಡ, ಆಗಲಿಲ್ಲ. ಬಸ್ಸಿನಲ್ಲೂ ಆಗಲಿಲ್ಲ. ಹೋದ ಸಲ ಮೇಜಿನ ಮೇಲಿನ ಲೋಟದ ಕಲೆಯನ್ನು ಬೆರಳಲ್ಲಿ ಸವರುತ್ತ ಅವಳು “ಅಮ್ಮನ ಮನೇಲಿ ಟೇಬಲ್ ಮೇಲೆ ರನ್ನರ್ ಇದೆ” ಅಂದಿದ್ದಳು. ಕೇಳುವುದಕ್ಕೆ ಆಗದವನು ಅದನ್ನೇ ಹಿಡಿದುಕೊಂಡು ಅಂಗಡಿಗೆ ಕರೆತಂದಿದ್ದ.

“ನಾನಿಲ್ದಾಗ ಎಲ್ ಊಟ ಮಾಡ್ತೀಯ?” ಅವಳು ತಿರುಗದೆಯೇ ಕೇಳಿದಳು.

“ಅಲ್ಲೇ, ಅಡುಗೆ ಕಟ್ಟೆ ಹತ್ರ. ಒಬ್ನಿಗೇನು, ನಿಂತ್ಕೊಂಡೇ ತಿಂದ್ಬಿಡ್ತೀನಿ.”

“ಅನ್ನ ಸಾರು ನಿಂತ್ಕೊಂಡಾ?”

“ಸಾರೆಲ್ಲಿ ಮಾಡ್ತೀನಿ. ಬರೀ ಮೊಸರನ್ನ.”

“ಕುದುರೆ ಥರ,” ಎಂದಳು. ರುಮಾನಾ ನಕ್ಕಳು. ಚೈತ್ರ ನಗಲಿಲ್ಲ. ರಾಶಿಯ ಅಡಿಯಿಂದ ಅರಿಶಿನ ಬಣ್ಣದ, ಅಂಚಿಗೆ ನೀಲಿ ಎಲೆಗಳಿದ್ದ ರನ್ನರ್ ಒಂದನ್ನು ಎಳೆದಳು. “ಆಂಟಿ, ಇದು ಎಷ್ಟುದ್ದ?”

“ಅರವತ್ತು. ನಿಮ್ಮಪ್ಪ ಹೇಳೋ ಅಳತೆಗೆ ಇದು ಅರ್ಧ ಟೇಬಲ್ಲಿಗೆ ಪೂರ್ತಿ ಸೀರೆ ಉಡಿಸಿದಂಗಾಗತ್ತೆ ಪುಟ್ಟಿ.”

“ಇದೇ ಕೊಡಿ.”

“ಚೈತ್ರ, ಇಷ್ಟುದ್ದ ಹಾಸಿದ್ರೆ ಮಡಚಿದಾಗ ಎರಡೂ ಕಡೆ ಜೋತಾಡತ್ತಮ್ಮ. ಕಾಲಿಗೆ ಸಿಕ್ಕೊಳ್ಳತ್ತೆ.”

“ಹಂಗಾದ್ರೆ ಮಡಚ್ಬೇಡ,” ಎಂದಳು. ಆಮೇಲೆ ಅಂಗಡಿಯ ಬಾಗಿಲಿನ ಹೊರಗೆ ಏನೋ ಇದೆಯೆಂಬಂತೆ ಅತ್ತ ನೋಡುತ್ತ ನಿಂತಳು. ಟ್ಯೂಷನ್ನಿನ ಮಾತನ್ನು ನಿರಂಜನ ಈಗ ಕೇಳಬಹುದಿತ್ತು. ರುಮಾನಾ ಬಟ್ಟೆಯನ್ನು ಮಡಿಸಿ ಕವರಿಗೆ ಹಾಕಿದಳು, ಅವನು ದುಡ್ಡು ಎಣಿಸಿ ಕೊಟ್ಟ. ಕೇಳಿದರೆ ಉತ್ತರ ಬರುತ್ತದೆ. ಎಂಥ ಉತ್ತರವೋ.

ಸಂಜೆ ತುಂಗಾಳ ಕಾರು ಬಂತು, ಹೋಯಿತು. ನಿರಂಜನ ಮೇಲೆ ಬಂದು ಅಭ್ಯಾಸದಂತೆ ಮೇಜಿನ ಅಡಿಗೆ ಕೈ ಹಾಕಿದ, ಹಲಗೆ ಇಳಿಸುವ ಕೊಂಡಿ ಬೆರಳಿಗೆ ಸಿಕ್ಕಿತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಹಲಗೆ ಎತ್ತಿದ್ದರೆ ಆ ಮನೆಯಲ್ಲಿ ಓಡಾಡಲು ಒಂದು ಮೊಳ ದಾರಿಯಷ್ಟೇ ಉಳಿಯುತ್ತದೆ. ಸೋಮವಾರ ಆಫೀಸಿಗೆ ಹೊರಡುವ ಅವಸರದಲ್ಲಿ ಮೇಜಿನ ಮೂಲೆ ಅವನ ಸೊಂಟಕ್ಕೆ ಬಡಿಯಿತು. ಅಂದು ರಾತ್ರಿ ಹಾಲು ತರಲು ಹೋಗುವಾಗ ಮತ್ತೆ, ಅದೇ ಜಾಗಕ್ಕೆ. ಮಂಗಳವಾರ ಸ್ನಾನಕ್ಕೆ ನಿಂತಾಗ ನೋಡಿಕೊಂಡ, ನೇರಳೆ ಹಣ್ಣಿನಷ್ಟು ಕಪ್ಪು ಗುರುತು. ಒತ್ತಿದರೆ ನೋಯುತ್ತಿತ್ತು. ಒಂದೆರಡು ಸಲ ಒತ್ತಿ ನೋಡಿಕೊಂಡ.

ಶುಕ್ರವಾರದ ಹೊತ್ತಿಗೆ ಅದು ಹಳದಿಗೆ ತಿರುಗಿ ಮಾಸತೊಡಗಿತು. ಚೈತ್ರ ಬರಬೇಕಾದ ಭಾನುವಾರಕ್ಕೆ ಇನ್ನೂ ಒಂಬತ್ತು ದಿನವಿತ್ತು.