ಕೇಪು ಕೀಳುವ ಇಕ್ಕಳ

"ಸದ್ದು ಬರಬಾರದು," ಎಂದಳು ಆರ್ಲಿಸ್. "ನನ್ನ ಗಂಡನಿಗಂತೂ ಗೊತ್ತಾಗಲೇಬಾರದು."

ಕೋವಿ ಅಂಗಡಿಯಲ್ಲಿ ನಿಂತು ಆಡುವ ಮಾತೇ ಇದು? ಅಂಗಡಿಯ ಡ್ವೇನ್ ಕಾಫಿ ಲೋಟ ಕೆಳಗಿಟ್ಟ. ಹಾಲ್ವರ್‌ನ ಜೊತೆ ಇಡೀ ಆಯುಷ್ಯ ಸಂಸಾರ ಮಾಡಿದ ಹೆಂಗಸು. ಎಡಗೈಯನ್ನು ಕೋಟಿನ ಜೇಬಿನಲ್ಲಿ ತುರುಕಿಕೊಂಡು ಘಳಿಗೆಗೊಮ್ಮೆ ಬಾಗಿಲ ಕಡೆ ನೋಡುತ್ತಿದ್ದಾಳೆ.

"ಏನು ಬೇಕಿತ್ತಮ್ಮಾ?"

"ಸುಟ್ಟ ತೋಟೆಯಿಂದ ಕೇಪು ಕೀಳೋ ಸಾಮಾನು."

ಡ್ವೇನ್‌ನ ಅನುಮಾನ ಇನ್ನಷ್ಟು ಹೆಚ್ಚಿತು. ಮೊಂಟಾನಾದ ಆ ಊರಿನಲ್ಲಿ ಎಲ್ಕ್ ಜಿಂಕೆಯ ಬೇಟೆಯವರು ಯಾರೂ ಸುಟ್ಟ ತೋಟೆ ಎಸೆಯುವುದಿಲ್ಲ. ತಳದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಕೇಪು ಸುಟ್ಟಿರುತ್ತದೆ; ಅದನ್ನು ಕಿತ್ತು, ಹೊಸದು ಕೂರಿಸಿ, ಮದ್ದು ತುಂಬಿ ಮತ್ತೆ ಬಳಸುತ್ತಾರೆ. ಆದರೆ ಒಬ್ಬರು ತೋಟೆ ತುಂಬುವ ಮೇಜನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಬೇಕಾದರೆ ಒಬ್ಬರ ಹಲ್ಲುಜ್ಜುವ ಬ್ರಷ್ ಇನ್ನೊಬ್ಬರು ಬಾಯಿಗಿಟ್ಟಾರು, ಆ ಮೇಜಿಗೆ ಮಾತ್ರ ಕೈ ಹಾಕರು. ಮದ್ದು ಹದ ತಪ್ಪಿದರೆ ಕೋವಿ ಮುಖಕ್ಕೇ ಸಿಡಿಯುತ್ತದೆ. ಹಾಲ್ವರ್‌ಗೆ ಗೊತ್ತಿಲ್ಲದೆ ಹಾಲ್ವರ್‌ನ ಮೇಜಿನ ಬಳಿ ಇವಳಿಗೇನು ಕೆಲಸ?

"ಮುಖ ಯಾಕೋ ಹುಳ್ಳಗೆ ಮಾಡ್ತೀಯ?" ಆರ್ಲಿಸ್ ರೇಗಿದಳು. "ಅವನನ್ನ ಸಾಯಿಸೋಕೆ ಕೋವಿ ಬೇಕಾ? ನನ್ನ ಅಡುಗೆ ಸಾಲ್ದಾ?"

ಆಮೇಲೆ ಅವಳ ದನಿ ಇಳಿಯಿತು. "ಬೇಸಿಗೆಯಿಂದ ಅವನ ಕೈ ನಡುಗುತ್ತೆ ಕಣೋ. ಒಂದು ಕೇಪು ಕೀಳೋಕಾಗಲ್ಲ. 'ನನ್ನ ಕತೆ ಮುಗೀತು, ಕೋವಿ ಮಾರಿಬಿಡ್ತೀನಿ' ಅಂತ ಕೂತ್ಬಿಟ್ಟ. ಅವರಪ್ಪ ಬೇಟೆ ಬಿಟ್ಟ ವರ್ಷವೇ ಹಾಸಿಗೆ ಹಿಡಿದ್ರು, ಮತ್ತೆ ಏಳಲೇ ಇಲ್ಲ. ಇವನೂ ಹಾಗಾದ್ರೆ ನನಗ್ಯಾರಿದಾರೆ? ಅದಕ್ಕೇ, ಅವನು ದನಕ್ಕೆ ಹುಲ್ಲು ಹಾಕೋಕೆ ಹೋದಾಗ ನಾನೇ ಕಿತ್ತಿಡ್ತೀನಿ. ಬಂದು ನೋಡಿ, ತಾನೇ ನಿನ್ನೆ ಕಿತ್ತಿಟ್ಟಿದ್ದು ಅಂದ್ಕೊಳ್ತಾನೆ, ಪೆದ್ದ."

ಡ್ವೇನ್ ನಾಚಿಕೊಂಡ. ಛೇ, ಏನೆಲ್ಲ ಯೋಚಿಸಿಬಿಟ್ಟೆ!

"ಇಷ್ಟು ದಿನ ಯಾವುದರಲ್ಲಿ ಕೀಳ್ತಿದ್ರಿ?"

"ಅವನದೇ ಒಂದು ಹಳೇ ಇಕ್ಕಳ. ಅಟ್ಟದಲ್ಲಿದ್ದದ್ದನ್ನ ಈಗ ಮೇಜಿನ ಮೇಲೇ ಇಟ್ಟಿರ್ತಾನೆ. ಅವನು ಎಡಚ ಅಲ್ವಾ, ಅದೂ ಎಡಗೈಯದ್ದೇ. ಒಂದು ಕೀಳೋಷ್ಟರಲ್ಲಿ ಪ್ರಾಣ ಬಾಯಿಗೆ ಬರುತ್ತೆ."

ಡ್ವೇನ್ ಸಾಮಾನುಗಳನ್ನು ವ್ಯಾಪಾರದ ಕಟ್ಟೆಯ ಮೇಲೆ ಹರಡಿದ. ಕಡ್ಡಿ ಮತ್ತು ಸುತ್ತಿಗೆ: ಅಗ್ಗ, ಆದರೆ ಠಣ್ ಠಣ್ ಎಂದು ಕೊಟ್ಟಿಗೆಯವರೆಗೂ ಕೇಳುತ್ತದೆ. ಉದ್ದ ಹಿಡಿಯ ಯಂತ್ರ: ಶ್ರಮವಿಲ್ಲ, ಆದರೆ ಮೇಜಿಗೆ ಬೋಲ್ಟ್ ಹಾಕಬೇಕು, ಬಚ್ಚಿಡಲಾಗದು. ಕೊನೆಗೆ ಹೊಸ ಕೈ ಇಕ್ಕಳ. ಸದ್ದಿಲ್ಲ, ಮೃದುವಾದ ಸ್ಪ್ರಿಂಗ್, ಹಿಡಿಯನ್ನು ಯಾವ ಕೈಗೆ ಬೇಕಾದರೂ ತಿರುಗಿಸಬಹುದು.

"ಬಲಗೈಗೆ ತಿರುಗಿಸು," ಎಂದಳು ಆರ್ಲಿಸ್ ತಟ್ಟನೆ.

ಡ್ವೇನ್ ಒಂದು ಖಾಲಿ ತೋಟೆ ಸಿಕ್ಕಿಸಿ ಕೊಟ್ಟ. ಅವಳು ಬಲಗೈಯಲ್ಲಿ ಒತ್ತಿದಳು. ಟಿಕ್. ಸುಟ್ಟ ಕೇಪು ಉರುಳಿ ಕಟ್ಟೆಯ ಹಲಗೆಯ ಸಂದಿಗೆ ಬಿತ್ತು.

"ಅಯ್ಯೋ, ಬೆಣ್ಣೆ ಕಣೋ ಇದು!"

ಹೊರಗೆ ಅವಳ ಟ್ರಕ್ಕಿನಲ್ಲಿ ನಾಯಿ ಹಳದಿ ರಬ್ಬರ್ ಚೆಂಡು ಕಚ್ಚಿಕೊಂಡು ಕೂತಿತ್ತು. ಡ್ವೇನ್ ನಕ್ಕ. "ಭರ್ಜರಿ ಆಟದ ಸಾಮಾನು ಕೊಡಿಸಿದೀರಿ."

"ಆಸ್ಪತ್ರೆಯವರು ನನಗೆ ಕೊಟ್ಟಿದ್ದಪ್ಪಾ. ನಾನೇನು ಮಗುನಾ ಚೆಂಡು ಹಿಡ್ಕೊಂಡು ಕೂರೋಕೆ?"

ಚಳಿಗಾಲದ ಕೊನೆಯಲ್ಲಿ ಅವಳು ಆಸ್ಪತ್ರೆಯಲ್ಲಿದ್ದದ್ದು ಊರಿಗೆಲ್ಲ ಗೊತ್ತು. ಪಿತ್ತಕೋಶದ ಕಲ್ಲು ಎಂದು ಅವಳೇ ಹೇಳಿದ್ದಳು.

ಅವಳು ಹೋದ ಮೇಲೆ ಡ್ವೇನ್ ಕಣ್ಣೊರೆಸಿಕೊಂಡ. ಹಾಲ್ವರ್‌ಗೆ ತಾನು ಕೇಪು ಕಿತ್ತು ತೊಳೆದ ತೋಟೆಗಳನ್ನು ಪುಕ್ಕಟೆ ಕೊಡಹೋಗಿದ್ದು ನೆನಪಾಯಿತು. ಮುದುಕ ಮುಟ್ಟಿರಲಿಲ್ಲ. "ಕೇಪು ಇರೋದೇ ಬೇಕು, ಎಷ್ಟಿದ್ರೂ ಕೊಡು" ಎಂದು ಡಬ್ಬಿಗಟ್ಟಲೆ ಹೊತ್ತೊಯ್ದಿದ್ದ. ಪಾಪ, ನಡುಗುವ ಕೈಯಲ್ಲೂ ಎಂಥ ಛಲ! ತಾನಿಂದು ಒಂದು ಸಂಸಾರ ಉಳಿಸಿದೆ ಎಂದುಕೊಂಡು ಡ್ವೇನ್ ಒಂದು ಡೋನಟ್ ಹೆಚ್ಚಾಗಿಯೇ ತಿಂದ.

ಮರುದಿನ ಹಾಲ್ವರ್ ಬಾಗಿಲು ದೂಡಿಕೊಂಡು ಬಂದ. ಹೊಸ ಇಕ್ಕಳವನ್ನು ಕಟ್ಟೆಯ ಮೇಲೆ ಕುಕ್ಕಿದ. ಅದಕ್ಕೆಲ್ಲ ಹಿಟ್ಟು ಮೆತ್ತಿತ್ತು.

"ಈ ದರಿದ್ರವನ್ನ ಅವಳಿಗೆ ಮಾರಿದ್ದು ನೀನೇನಾ? ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ಲು."

"ಬೈಬೇಡಿ ಯಜಮಾನ್ರೇ," ಡ್ವೇನ್ ತೊದಲಿದ. "ಅವರು ಏನೇ ಮಾಡಿದ್ರೂ ನಿಮ್ಮ ಒಳ್ಳೇದಕ್ಕೇ..."

ಹಾಲ್ವರ್ ಮೂಲೆಯ ಪಾತ್ರೆಯಿಂದ ಲೋಟದ ಅಂಚಿನವರೆಗೂ ಕಾಫಿ ಬಗ್ಗಿಸಿಕೊಂಡು ಬಂದ. ಒಂದು ಹನಿ ಚೆಲ್ಲಲಿಲ್ಲ. ಹಲಗೆಯ ಸಂದಿಯಲ್ಲಿ ನಿನ್ನೆಯ ಕೇಪು ಕಂಡಿತು. ಎಡಗೈಯ ಎರಡು ಉಗುರಿನಲ್ಲಿ ಅದನ್ನು ಎತ್ತಿ ಬುಟ್ಟಿಗೆ ಹಾಕಿದ. ಡ್ವೇನ್ ಆ ಕೈಯನ್ನೇ ನೋಡುತ್ತ ನಿಂತ.

"ಇದರ ಹಿಡಿಯನ್ನ ಎಡಗೈಗೆ ತಿರುಗಿಸು," ಎಂದ ಹಾಲ್ವರ್. "ಮತ್ತೆ ಬಲಕ್ಕೆ ತಿರುಗದ ಹಾಗೆ ಬಿಗಿ ಮಾಡು. ನಿನ್ನ ಹತ್ರ ಇರೋದ್ರಲ್ಲೇ ಗಟ್ಟಿ ಸ್ಪ್ರಿಂಗ್ ಹಾಕು. ಅವಳು ಚರ್ಚಿನ ಪ್ರಾರ್ಥನೆ ಮುಗಿಸಿ ಬರೋದ್ರೊಳಗೆ ಡಬ್ಬಿಗೆ ಸೇರಬೇಕು. ಕೇಳಿದ್ರೆ, ಹೊಸದು, ಪಳಗೋವರೆಗೂ ಹಾಗೇ ಅಂತ ಸುಳ್ಳು ಹೇಳು."

"ಯಜಮಾನ್ರೇ... ನಿಮ್ಮ ಕೈ ನಡುಗೋದು?"

"ಅವಳೆದುರಿಗೆ ಮಾತ್ರ ನಡುಗುತ್ತೆ. ಪಿತ್ತಕೋಶವೂ ಅಲ್ಲ, ಮಣ್ಣೂ ಅಲ್ಲ, ಲಕ್ವ ಹೊಡೆದದ್ದು ಅವಳ ಎಡಗೈಗೆ. ದಿನಾ ಚೆಂಡು ಹಿಸುಕಿದ್ರೆ ಕೈ ಬರುತ್ತೆ ಅಂದ್ರು ಡಾಕ್ಟ್ರು, ಅದನ್ನ ನಾಯಿಗೆ ಎಸೆದ್ಲು. ತನಗೋಸ್ಕರ ಅಂದ್ರೆ ಯಾವತ್ತು ಏನು ಮಾಡಿದಾಳೆ ಅವಳು?"