ಊರಿಗೊಂದೇ ಹೆಸರು

ಚುಚ್ಚುಮದ್ದಿನ ಕೋಣೆಯ ಬಾಗಿಲಲ್ಲಿ ನಿಂತು ಸಿಸ್ಟರ್ "ತಿರ್ಜಾ" ಎಂದು ಕರೆದದ್ದೇ ತಡ, ಬೆಂಚುಗಳಿಂದ ಐದು ಜನ ತಾಯಂದಿರು ಎದ್ದು ನಿಂತರು. ಐವರ ತೋಳಲ್ಲೂ ಮೂರೂವರೆ ತಿಂಗಳ ಹೆಣ್ಣುಮಗು. ಎದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕೂತವರು ಐವರನ್ನೂ ನೋಡಿದರು, ಸಿಸ್ಟರ್ ನೆಲ ನೋಡಿದರು.

ಕೊನೆಗೆ ಎದ್ದವಳು ಬಟ್ಟೆ ಕಾರ್ಖಾನೆಯೊಂದರಲ್ಲಿ ಟೈಲರ್. ಅವಳಿಗೆ ಮೊದಲು ಬಂದದ್ದು ನಗು, ಅದರ ಹಿಂದೆಯೇ ಗಾಬರಿ. ಹೆರಿಗೆಯಾದ ಮಾರನೆಯ ದಿನ ಇದೇ ಆಸ್ಪತ್ರೆಯಲ್ಲಿ ಇದೇ ಸಿಸ್ಟರ್ ಅವಳ ಕಿವಿಯಲ್ಲಿ ಈ ಹೆಸರು ಉಸುರಿದ್ದರು. ಹೀಬ್ರೂ ಹೆಸರು, ಬಲು ಹಳೆಯದು, 'ಅವಳೇ ನನ್ನ ಆನಂದ' ಅಂತ ಅರ್ಥ, ಊರೆಲ್ಲ ಜಾಲಾಡಿದರೂ ಇನ್ನೊಬ್ಬಳು ಸಿಗುವುದಿಲ್ಲ ಎಂದಿದ್ದರು. ಟೈಲರ್ ನಂಬದೆ ಫೋನಿನಲ್ಲಿ ಹುಡುಕಿದಳು. ಮೊದಲ ಸಾವಿರ ಹೆಸರುಗಳ ಪಟ್ಟಿಯಲ್ಲೇ ಅದು ಇರಲಿಲ್ಲ. ಜನಪ್ರಿಯತೆ ತೋರಿಸುವ ನಕ್ಷೆಯ ಗೆರೆ ನೆಲ ಕಚ್ಚಿ ಮಲಗಿತ್ತು. ಅವಳಿಗೆ ಬೇಕಾಗಿದ್ದದ್ದೂ ಅದೇ. ಅತ್ತೆ ನಾಲಿಗೆ ಹೊರಳೋದಿಲ್ಲ ಎಂದು ಮುಖ ಊದಿಸಿಕೊಂಡರು. ಗಂಡ ಎರಡು ದಿನ ಮಗುವನ್ನು 'ತಿಜೋರಿ' ಎಂದು ಕರೆದು ಸರಿಯಾಗಿ ಬೈಸಿಕೊಂಡ. ಅವಳು ಜಗ್ಗಲಿಲ್ಲ. ಯಾರಾದರೂ ಹೆಸರು ಎಗರಿಸಿಬಿಟ್ಟಾರು ಎಂದು ನೋಂದಣಿ ಮುಗಿಯುವವರೆಗೆ ಪಕ್ಕದ ಮನೆಯವರಿಗೂ ಬಾಯಿ ಬಿಡಲಿಲ್ಲ. ಅದೇ ಭಯಕ್ಕೆ ಬಾಯಿಗೆ ಬೀಗ ಹಾಕಿಕೊಂಡವರು ಇನ್ನೂ ನಾಲ್ವರಿದ್ದಾರೆ ಎಂದು ಅವಳಿಗೇನು ಕನಸು ಬಿದ್ದಿತ್ತೇ.

ಮೂಲೆಯ ಮೇಜಿನಲ್ಲಿ ಕೂತಿದ್ದ ಗುಮಾಸ್ತರ ತಲೆ ಮೊಸರುಗಡಿಗೆಯಾಯಿತು. ಕಾರ್ಡುಗಳು ಆಗಲೇ ಕಲೆಸಿಹೋಗಿದ್ದವು. ಕಡ್ಡಿಯಂಥ ಕೂಸಿನ ಕಾರ್ಡಿನಲ್ಲಿ ಏಳು ಕೆ.ಜಿ. ಅಂತಿತ್ತು, ಗುಂಡುಗುಂಡಾಗಿದ್ದ ಕೂಸಿನ ತಾಯಿ ನನ್ನ ಮಗಳು ಇಳಿದುಹೋಗಿದ್ದಾಳೆ ಎಂದು ಅಳುವುದೊಂದು ಬಾಕಿ. ಹುಟ್ಟಿದ ದಿನ, ಅಪ್ಪನ ಹೆಸರು, ಬೀದಿ ಎಲ್ಲವನ್ನೂ ಕೇಳಿ ಕೇಳಿ ಗುಮಾಸ್ತರು ಹೇಗೋ ವಿಂಗಡಿಸಿದರು. ಆಮೇಲೆ ಕೆಂಪು ಪೆನ್ನು ತೆಗೆದರು.

"ಇನ್ನು ಹೆಸರು ಹಿಡಿದು ಕರೆದ್ರೆ ಆಗೋದಿಲ್ಲ. ನಂಬರ್ ಹಾಕ್ತೀನಿ, ನಂಬರ್ ಕರೆದಾಗ ಬನ್ನಿ."

ಟೈಲರ್ ಮಗಳ ಕಾರ್ಡಿನ ಮೇಲೆ ನಾಲ್ಕು ಬಿತ್ತು. ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಸಾಲಿನಲ್ಲಿ ಈ ತಾಯಿಯ ಹೆಸರಿನವರೇ ಇನ್ನೂ ಮೂರು ಜನ. ಹನ್ನೊಂದು ವರ್ಷದಿಂದ ಸೂಪರ್‌ವೈಸರ್ ಅವಳನ್ನು ಕರೆಯುವುದು 'ಏ ನಾಲ್ಕು' ಎಂದೇ. ಮಗಳಿಗೆ ಈ ಗತಿ ಬರಬಾರದು ಎಂದು ಅವಳು ಊರಿಗೊಂದೇ ಹೆಸರು ಇಟ್ಟಿದ್ದಳು.

ಬೆಂಚುಗಳ ಮೇಲೆ ಜಟಾಪಟಿ ಶುರುವಾಯಿತು. ಮೊದಲು ಇಟ್ಟವಳು ನಾನು, ನೀವು ಬದಲಾಯಿಸಿ ಎಂದು ಒಬ್ಬಳು. ನಿಮಗಿಂತ ಎಂಟು ದಿನ ಮುಂಚೆ ಹುಟ್ಟಿದ್ದು ನನ್ನ ಮಗಳು ಎಂದು ಇನ್ನೊಬ್ಬಳು. ಕೊನೆಗೆ ಯಾರಿಗೂ ಆ ಹೆಸರು ಬೇಡವಾಯಿತು. ಈ ಸಂತೆಯಲ್ಲಿ ನನ್ನ ಮಗಳು ಯಾಕೆ ಇರಬೇಕು ಎಂದುಕೊಂಡು ಉಳಿದ ನಾಲ್ವರೂ ಹೆಸರು ತಿದ್ದುವ ಅರ್ಜಿಗೆ ಗುಮಾಸ್ತರ ಮೇಜು ಮುತ್ತಿದರು. ಟೈಲರ್ ಕೂಡ ಒಂದು ಅರ್ಜಿ ಕಿತ್ತುಕೊಂಡಳು. ಅಷ್ಟರಲ್ಲಿ ಮೊದಲ ಮೂರು ಕೂಸುಗಳದ್ದು ಮುಗಿದು, ಒಳಗಿನಿಂದ ನಾಲ್ಕನೇ ನಂಬರಿಗೆ ಕರೆ ಬಂತು.

ಸಿಸ್ಟರ್ ತಲೆ ಎತ್ತದೆ ಸೂಜಿ ಸಿದ್ಧ ಮಾಡುತ್ತಿದ್ದರು. ಇವಳು ಬಿಡಲಿಲ್ಲ. ಈ ಹೆಸರನ್ನು ಎಷ್ಟು ಜನರಿಗೆ ಹಂಚಿದಿರಿ ಎಂದು ನೇರವಾಗಿಯೇ ಕೇಳಿದಳು.

"ಮೂವತ್ತು ಜನಕ್ಕಾದ್ರೂ ಹೇಳಿರಬೇಕು ಕಣಮ್ಮ. ಎಲ್ಲರೂ ಚೆನ್ನಾಗಿದೆ ಅಂತಿದ್ರು, ಮನೆಗೆ ಹೋಗಿ ಬೇರೆ ಇಡ್ತಿದ್ರು. ಒಬ್ಬರಾದ್ರೂ ಇಡ್ಲಿ ಅಂತ ಹೇಳ್ತಾ ಹೋದೆ. ಐದು ಜನ ಇಟ್ಬಿಡ್ತೀರಿ ಅಂತ ನಂಗೇನು ಗೊತ್ತು?"

"ಹೋಗ್ಲಿ, ಈ ಐದರಲ್ಲಿ ಮೊದಲನೆಯವಳು ನನ್ನ ಮಗಳೇ ತಾನೇ?"

ಸಿಸ್ಟರ್ ಚುಚ್ಚಿದರು. ಮಗು ಕಿಟಾರನೆ ಕಿರುಚಿತು. ಅದರ ತೊಡೆಗೆ ಹತ್ತಿ ಒತ್ತಿ ಹಿಡಿದು, ಅದು ಬಿಕ್ಕುವುದು ನಿಲ್ಲುವವರೆಗೆ ಅವರು ಕೈ ತೆಗೆಯಲಿಲ್ಲ.

"ನಿನ್ನ ಮಗಳಲ್ಲ. ಹೊರಗಿರೋರ ಮಕ್ಕಳೂ ಅಲ್ಲ. ಮೊದಲು ಇಟ್ಟಿದ್ದು ನನ್ನ ಮಗಳಿಗೆ. ಇಪ್ಪತ್ತೆರಡು ವರ್ಷ ಆಯ್ತು. ಕರೆಯೋಕೆ ನಂಗೆ ಸಿಕ್ಕಿದ್ದು ಎರಡೇ ದಿನ."

ಟೈಲರ್ ಕೈಯಲ್ಲಿದ್ದ ಅರ್ಜಿಯನ್ನು ಮಗುವಿನ ಬೆನ್ನ ಹಿಂದೆ ಮರೆಮಾಡಿದಳು. ನೀನೂ ಬದಲಾಯಿಸಿಕೊಂಡುಬಿಡಮ್ಮ, ನಂಗೇನೂ ಬೇಜಾರಿಲ್ಲ ಎಂದು ಸಿಸ್ಟರ್ ಹೇಳಿದರು. ಹೇಳಿ, ಖಾಲಿ ಟ್ರೇಯಲ್ಲಿ ಏನನ್ನೋ ಹುಡುಕತೊಡಗಿದರು.

ಅವಳು ಹೊರಗೆ ಬಂದಳು. ಇದು ಮೋಸವೋ ಪ್ರೀತಿಯೋ, ತಾನು ಕರೆಯುತ್ತಿರುವುದು ತನ್ನ ಮಗಳ ಹೆಸರೋ ಬೇರೆಯವರ ಮಗಳದೋ, ಒಂದೂ ತಿಳಿಯದೆ ಮೇಜಿನ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತಳು. ಉಳಿದ ನಾಲ್ವರು ಅರ್ಜಿ ಕೊಟ್ಟು, ಎಲ್ಲರೂ ಇಡುವಂಥ ಹೆಸರುಗಳನ್ನೇ ಬರೆಸಿ, ಮೇಜಿನಿಂದ ಸರಿಯುತ್ತಿದ್ದರು.

ಗುಮಾಸ್ತರಿಗೆ ಈಗ ನಿರಾಳ. ಅವಳ ಕೈಯ ಅರ್ಜಿಯನ್ನು ನೋಡಿ ನಕ್ಕರು. "ಅದಿನ್ನು ಯಾಕಮ್ಮ? ಅವರೆಲ್ಲ ಬದಲಾಯಿಸಿಕೊಂಡ್ರು. ಈಗ ಊರಿಗೆಲ್ಲ ನಿಮ್ಮ ಮಗಳೊಬ್ಬಳೇ. ಕಾರ್ಡ್ ಕೊಡಿ, ಈ ನಂಬರ್ ಹೊಡೆದುಹಾಕ್ತೀನಿ."

ಅವಳು ಕಾರ್ಡು ಕೊಟ್ಟಳು. ಕೆಂಪು ಪೆನ್ನು ಕಾಗದಕ್ಕೆ ತಾಗಿತು.

"ನಾಲ್ಕು ಹೊಡೆದುಹಾಕಿ ಸರ್," ಎಂದಳು. "ಎರಡು ಅಂತ ಬರೀರಿ."